ಮುರಕಲ್ಲಿನ ಗುಡ್ಡೆಗೆ ಫುಲ್ ಸಸ್ಪೆನ್ಶನ್ ಸೈಕಲ್: ಎರಡು ಮಳೆಗಾಲದ ಲೆಕ್ಕ

ಈ ಸೈಕಲ್ ಮನೆಗೆ ಬಂದು ಎರಡು ಮಳೆಗಾಲ ಕಳೆಯಿತು. ಬಂದ ದಿನ ಅಪ್ಪ ಅದಕ್ಕೊಂದು ಸುತ್ತು ಹಾಕಿ, "ಇದಕ್ಕೆ ಕ್ಯಾರಿಯರ್ ಇಲ್ಲವಾ? ಒಂದು ಗೋಣಿ ಹಿಂಡಿ ತರಲಿಕ್ಕಾಗದ ಸೈಕಲ್ ಎಂತಕ್ಕೆ?" ಅಂತ ಕೇಳಿದ್ದರು. ಸ್ಟ್ಯಾಂಡೂ ಇಲ್ಲ ಅಂತ ಗೊತ್ತಾದದ್ದು ಆಮೇಲೆ, ನಾನು ಅದನ್ನು ತೆಂಗಿನ ಮರಕ್ಕೆ ಒರಗಿಸಿದಾಗ. ಬೆಲೆ ಎಷ್ಟು ಅಂತ ಇವತ್ತಿಗೂ ಅವರಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ: 88 ಸಾವಿರ, ಅದೂ ಸೆಕೆಂಡ್ ಹ್ಯಾಂಡ್. ಬೆಂಗಳೂರಿನಲ್ಲಿ ಒಬ್ಬರು ಮೂರು ವರ್ಷ ಓಡಿಸಿ ಮಾರಿದ್ದು. ಅದರ ಮೇಲೆ ನಾನು ಸುರಿದದ್ದು 60 ಸಾವಿರ ದಾಟಿತು. ಹಾಗಾಗಿ ಇದು ಸೈಕಲಿನ ವಿಮರ್ಶೆಗಿಂತ ಜಾಸ್ತಿ ಆ 60 ಸಾವಿರದ ವಿಮರ್ಶೆ.

ಸೈಕಲಿನ ಜಾತಕ ಇಷ್ಟು. ಫುಲ್ ಸಸ್ಪೆನ್ಶನ್ ಅಂದರೆ ಮುಂದೆಯೂ ಹಿಂದೆಯೂ ಕುಗ್ಗಿ ಏಳುವ ಶಾಕ್ ಇರುವುದು. 29 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದಿನ ಚಕ್ರ ಹಿಡಿದ ಕವಲು, ಅಂದರೆ ಫೋರ್ಕ್, 130 ಮಿ.ಮೀ. ಕುಗ್ಗುತ್ತದೆ, ಹಿಂದಿನ ಚಕ್ರ 120 ಮಿ.ಮೀ. ಎರಡೂ ಕಡೆ ಸ್ಪ್ರಿಂಗಿನ ಬದಲು ಗಾಳಿ. 10 ಗೇರು, 160 ಮಿ.ಮೀ. ಡಿಸ್ಕ್ ಬ್ರೇಕು, ಟ್ಯೂಬ್ ಹಾಕಿದ ಟೈರು, ಮಾಮೂಲಿ ಸೀಟ್ ಪೋಸ್ಟ್. ಕಂಪೆನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಈ ದರ್ಜೆಯ ಯಾವ ಸೈಕಲ್ ತಗೊಂಡರೂ ನಮ್ಮ ಊರಲ್ಲಿ ಹೆಚ್ಚುಕಡಿಮೆ ಇದೇ ಕತೆ ಆಗುತ್ತದೆ.

ನಮ್ಮ ಊರು ಅಂದರೆ ಕಾಸರಗೋಡಿನ ನೀರ್ಚಾಲು, ಬದಿಯಡ್ಕದ ಕಡೆ. ಇಲ್ಲಿ ಸೈಕಲ್ ಬಿಡುವವರಿಗೆ ಮೊದಲು ಎದುರಾಗುವುದು ಮುರಕಲ್ಲು. 1800ರ ಸುಮಾರಿಗೆ ಈ ಕಡೆಯೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲು ನೋಡಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅನ್ನುವ ಪದದಿಂದ ಮಾಡಿದ್ದು. ಅವನು ಅದರ ಮೇಲೆ ಸೈಕಲ್ ಬಿಟ್ಟಿದ್ದರೆ ಬೇರೆ ಹೆಸರಿಡುತ್ತಿದ್ದ. ಬೇಸಗೆಯಲ್ಲಿ ಗಟ್ಟಿ ಪಾರೆಯ ಮೇಲೆ ಕಡಲೆ ಗಾತ್ರದ ಚರಳು ಹರಡಿರುತ್ತದೆ, ಸಿಮೆಂಟ್ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ಜೂನ್ ಬಂದರೆ ಅದೇ ಪಾರೆಯ ಮೇಲೆ ಪಾಚಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಹತ್ತಿರ ಮಳೆ ಬೀಳುವ ಜಿಲ್ಲೆ, ಪಾಚಿಗೇನು ಬರಗಾಲ? ಕಲ್ಲಿನ ಮೈಯೆಲ್ಲ ತೂತು, ಅಂಚೆಲ್ಲ ಹರಿತ. ಮೊದಲು ನನ್ನ ಹತ್ತಿರ ಮುಂದೆ ಮಾತ್ರ ಸಸ್ಪೆನ್ಶನ್ ಇದ್ದ ಸೈಕಲ್ ಇತ್ತು. ಪದವಿನ (ಗುಡ್ಡೆಯ ಮೇಲಿನ ಬಯಲು) ಮೇಲೆ ಒಂದು ಗಂಟೆ ಓಡಿಸಿ ಬಂದರೆ ಮರುದಿನ ಕ್ಲಾಸಿನಲ್ಲಿ ಕೂರಲಿಕ್ಕೆ ಆಗುತ್ತಿರಲಿಲ್ಲ. ನಾನು ಮಾಷ್ಟ್ರು, ನಿಂತು ಪಾಠ ಮಾಡಿದೆ. ಮಕ್ಕಳು ಸ್ಟ್ರಿಕ್ಟ್ ಅಂದುಕೊಂಡರು.

ಅಪ್‌ಗ್ರೇಡ್ ವಿಷಯದಲ್ಲಿ ನಾನು ಎಲ್ಲವನ್ನೂ ಉಲ್ಟಾ ಮಾಡಿದೆ. ಮೊದಲು ಕೈ ಹಾಕಿದ್ದು ಗೇರಿಗೆ.

ಇದ್ದದ್ದು ಹಿಂದೆ 11ರಿಂದ 42 ಹಲ್ಲಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು), ಮುಂದೆ 32 ಹಲ್ಲು. ಧರ್ಮತ್ತಡ್ಕದ ಏರಿನಲ್ಲಿ ಉಸಿರು ಹೋಗುತ್ತಿತ್ತು. ಎಲ್ಲರೂ 12 ಸ್ಪೀಡ್, ಅಂದರೆ 12 ಗೇರು, ಅಂತ ಹೊಗಳುತ್ತಿದ್ದರಲ್ಲ, ನಾನೂ ಶಿಮಾನೋ ಡಿಯೋರ್ ಎಂ6100 ಅನ್ನುವ 10ರಿಂದ 51ರ ಕ್ಯಾಸೆಟ್ ತರಿಸಿದೆ. ಪೆಟ್ಟಿಗೆ ಬಿಚ್ಚಿ ಚಕ್ರಕ್ಕೆ ಕೂರಿಸಲು ಹೋದರೆ ಕೂರುವುದೇ ಇಲ್ಲ. ಹತ್ತು ಹಲ್ಲಿನ ಅಷ್ಟು ಸಣ್ಣ ಚಕ್ರ ಹಳೆ ಅಳತೆಯ ಹಬ್ಬಿನ (ಚಕ್ರದ ನಡುವಿನ ಭಾಗ) ಮೇಲೆ ಹಿಡಿಸುವುದಿಲ್ಲ, ಅದಕ್ಕೆ ಮೈಕ್ರೋ ಸ್ಪ್ಲೈನ್ ಅನ್ನುವ ಬೇರೆಯೇ ನಮೂನೆಯ ಫ್ರೀ ಹಬ್, ಅಂದರೆ ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ತುಂಡು, ಬೇಕು. ಕೆಲವು ಹಬ್ಬುಗಳಲ್ಲಿ ಆ ಭಾಗ ಮಾತ್ರ ಬದಲಿಸಬಹುದು. ನನ್ನದರಲ್ಲಿ ಆಗಲಿಲ್ಲ. ಅಂದರೆ ಹೊಸ ಹಬ್ಬು, ಹೊಸ ಹಬ್ಬಿಗೆ ಹೊಸ ಕಡ್ಡಿ, ಚಕ್ರ ಪೂರ್ತಿ ಬಿಚ್ಚಿ ಕಟ್ಟುವ ಕೂಲಿ. ಕ್ಯಾಸೆಟ್ ವಾಪಸ್ ಕಳಿಸಿದೆ, ಕೊರಿಯರ್ ಖರ್ಚು ನನ್ನ ತಲೆಗೆ.

ಆಮೇಲೆ ಗೊತ್ತಾದದ್ದು, ಅದೇ ಡಿಯೋರ್‌ನಲ್ಲಿ ಎಂ5100 ಅಂತ 11 ಸ್ಪೀಡಿನದ್ದು ಇದೆ. 11ರಿಂದ 51. ನನ್ನಲ್ಲಿದ್ದ ಎಚ್‌ಜಿ ಅನ್ನುವ ಹಳೆ ಅಳತೆಯ ಹಬ್ಬಿಗೆ ಸೀದಾ ಕೂರುತ್ತದೆ. ಶಿಫ್ಟರ್ (ಹ್ಯಾಂಡಲಿನ ಗೇರು ಗುಂಡಿ), ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು), ಚೈನು, ಕ್ಯಾಸೆಟ್ ಎಲ್ಲ ಸೇರಿ 15,500 ಆಯಿತು. ಮುಂದಿನ 32 ತೆಗೆದು 30 ಹಾಕಿಸಿದೆ. ಲೆಕ್ಕ ಹೇಳಬೇಕೆಂದರೆ, ಮೊದಲು ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 1.75 ಮೀಟರ್ ಮುಂದೆ ಹೋಗುತ್ತಿತ್ತು, ಈಗ 1.35 ಮೀಟರ್. ಕಾಗದದ ಮೇಲೆ ಇದು ಎಂತ ಮಹಾ ಅನ್ನಿಸಬಹುದು. ಮೊಣಕಾಲಿಗೆ ಕೇಳಿ. ಒಳ್ಳೆ ಸಾಮಾನು, ಎರಡು ವರ್ಷದಲ್ಲಿ ಚೈನು ಒಂದು ಬದಲಿಸಿದ್ದು ಬಿಟ್ಟರೆ ಕಿರಿಕಿರಿ ಇಲ್ಲ. ಆದರೆ ಇದನ್ನು ಮೊದಲು ಮಾಡಬೇಕಾಗಿರಲಿಲ್ಲ. ಏರಿನಲ್ಲಿ ನನ್ನನ್ನು ನಿಲ್ಲಿಸುತ್ತಿದ್ದದ್ದು ಅರ್ಧ ಗೇರು, ಇನ್ನರ್ಧ ಜಾರುವ ಹಿಂದಿನ ಚಕ್ರ. ಆ ಇನ್ನರ್ಧಕ್ಕೆ ಕಾರಣ ಹುಡುಕಲು ನನಗೆ ಇನ್ನೂ ಎರಡು ತಿಂಗಳು ಹಿಡಿಯಿತು.

ಕಾರಣ ಗಾಳಿ. ಟೈರಿನದ್ದಲ್ಲ, ಶಾಕಿನದ್ದು.

ಸೈಕಲ್ ಬಂದ ಮೊದಲ ನಾಲ್ಕು ತಿಂಗಳು ಒಳಗೊಳಗೇ ಬೇಜಾರಿತ್ತು. ಇಷ್ಟು ಕೊಟ್ಟು ತಂದ ಫುಲ್ ಸಸ್ಪೆನ್ಶನ್ ಸೈಕಲ್ ಹಳೆಯದಕ್ಕಿಂತ ಅಂಥಾ ಮೆತ್ತಗೇನೂ ಇಲ್ಲವಲ್ಲ ಅಂತ. ಯಾರಿಗೆ ಹೇಳುವುದು? ಮನೆಯಲ್ಲಿ ಹೇಳಿದರೆ ಕೇಳಬೇಕಾದ್ದೆಲ್ಲ ಕೇಳಬೇಕಾಗುತ್ತದೆ. ಕೊನೆಗೆ 1,900 ರೂಪಾಯಿ ಕೊಟ್ಟು ಶಾಕ್ ಪಂಪ್ ತರಿಸಿದೆ. ಸಣ್ಣ ಕೈಪಂಪ್, ಮೇಲೊಂದು ಮೀಟರ್, ಅಷ್ಟೇ. ಹಿಂದಿನ ಶಾಕಿಗೆ ಸಿಕ್ಕಿಸಿ ನೋಡಿದರೆ ಗಾಳಿಯ ಒತ್ತಡ 210 ಪಿಎಸ್‌ಐ! ಮಾರಿದವರಿಗೆ ಫೋನ್ ಮಾಡಿ ಕೇಳಿದೆ, ಅವರ ತೂಕ 90 ಕೆ.ಜಿ. ದಾಟಿದೆ. ನಾನು 64. ಅವರ ಮೈಗೆ ಹೊಲಿದ ಅಂಗಿಯನ್ನು ನಾನು ನಾಲ್ಕು ತಿಂಗಳು ತೊಟ್ಟು, ದರ್ಜಿಯನ್ನು ಬೈಯುತ್ತಿದ್ದೆ.

ಇದನ್ನು ಸರಿ ಮಾಡುವ ಕ್ರಮ ಸುಲಭ. ಶಾಕಿನ ಕಡ್ಡಿಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಸೈಕಲ್ ಮೇಲೆ ಓಡಿಸುವ ಬಟ್ಟೆ, ಹೆಲ್ಮೆಟ್, ನೀರಿನ ಚೀಲದ ಸಮೇತ ಹತ್ತಿ, ಗೋಡೆ ಹಿಡಿದು ಕುಲುಕದೆ ಕುಳಿತು, ಉಂಗುರವನ್ನು ಸೀಲಿನ (ಕಡ್ಡಿ ಒಳಹೋಗುವ ಬಾಯಿ) ತನಕ ಜಾರಿಸಿ, ಮೆಲ್ಲನೆ ಇಳಿಯಬೇಕು. ನಾವು ಕುಳಿತ ಭಾರಕ್ಕೆ ಎಷ್ಟು ಕುಗ್ಗಿತು ಅಂತ ಉಂಗುರ ತೋರಿಸುತ್ತದೆ. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಪೂರ್ತಿ ಕುಗ್ಗುವ ಅಳತೆಯಲ್ಲಿ ಹಿಂದೆ ಶೇ. 25ರಿಂದ 30, ಮುಂದೆ ಶೇ. 20ರ ಆಸುಪಾಸು ಇರಬೇಕು. ನನ್ನ ಶಾಕಿನ ಕಡ್ಡಿ 45 ಮಿ.ಮೀ. ಓಡುತ್ತದೆ, ಹಾಗಾಗಿ 13 ಮಿ.ಮೀ. ಚಿಲ್ಲರೆ ಬರಬೇಕು. ಬರುತ್ತಿದ್ದದ್ದು 6. ಗಾಳಿ ಬಿಡುತ್ತಾ ಬಿಡುತ್ತಾ 150ಕ್ಕೆ ಬಂದು ನಿಂತೆ. ಫೋರ್ಕ್ 95ರಿಂದ 65ಕ್ಕೆ ಇಳಿಯಿತು. ಗಾಳಿ ಹಾಕುವಾಗಲೂ ಬಿಡುವಾಗಲೂ ನಡುನಡುವೆ ಸೈಕಲನ್ನು ಐದಾರು ಸಲ ಒತ್ತಿ ಬಿಡಬೇಕು. ಒಳಗೆ ಗಾಳಿಗೆ ಎರಡು ಕೋಣೆ, ಒತ್ತಿದರೆ ಮಾತ್ರ ಎರಡೂ ಸಮ ಆಗುತ್ತವೆ.

ಒಂದು ಮಾತು, ಹೊಸಬರು ಎಲ್ಲರೂ ಬೀಳುವ ಹೊಂಡ ಇದು. ಪಂಪ್ ಬಿಚ್ಚುವಾಗ ಟುಸ್ ಅಂತ ಗಾಳಿ ಹೋಗುವುದು ಕೇಳುತ್ತದೆ. ಅದು ಪಂಪಿನ ಪೈಪಿನಲ್ಲಿ ಉಳಿದ ಗಾಳಿ, ಶಾಕಿನದ್ದಲ್ಲ. ನಾನು ಗಾಬರಿಯಾಗಿ ಮತ್ತೆ ಸಿಕ್ಕಿಸಿ ನೋಡಿದರೆ ಮೀಟರ್ ಕಡಿಮೆ ತೋರಿಸಿತು, ತುಂಬಿಸಿದೆ, ಬಿಚ್ಚಿದೆ, ಮತ್ತೆ ಟುಸ್, ಮತ್ತೆ ಕಡಿಮೆ. ಒಂದು ಇಡೀ ಭಾನುವಾರದ ಬೆಳಗ್ಗೆ ಹೀಗೇ ಹೋಯಿತು. ಖಾಲಿ ಪೈಪ್ ಸಿಕ್ಕಿಸಿದ ಕೂಡಲೇ ಶಾಕಿನ ಗಾಳಿ ಪೈಪಿಗೆ ನುಗ್ಗುತ್ತದೆ, ಅದಕ್ಕೆ ಮೀಟರ್ ಇಳಿಯುತ್ತದೆ. ಬಿಚ್ಚಿದ ಮೇಲೆ ನಂಬಿ ಬಿಟ್ಟುಬಿಡಿ.

ಇನ್ನೊಂದು ಕೆಂಪು ತಿರುಗಣೆ ಇದೆ, ರಿಬೌಂಡ್. ಕುಗ್ಗಿದ ಸಸ್ಪೆನ್ಶನ್ ಎಷ್ಟು ಬೇಗ ವಾಪಸ್ ಎದ್ದು ನಿಲ್ಲಬೇಕು ಅನ್ನುವುದಕ್ಕೆ. ಸೈಕಲ್ ಮಾರಿದವರು ಅದನ್ನು ಪೂರ್ತಿ ಮುಚ್ಚಿ, ನಿಧಾನ ಏಳುವ ಹಾಗೆ ಇಟ್ಟಿದ್ದರು. ಒಂದು ಕಲ್ಲಿಗೆ ಕುಗ್ಗಿದ್ದು ಏಳುವ ಮೊದಲೇ ಎರಡನೇ ಕಲ್ಲು, ಅದು ಏಳುವ ಮೊದಲು ಮೂರನೆಯದ್ದು. ಹೀಗೆ ಕುಗ್ಗುತ್ತಾ ಕುಗ್ಗುತ್ತಾ ನಾಲ್ಕನೇ ಕಲ್ಲಿಗೆ ಸಸ್ಪೆನ್ಶನ್ನೇ ಇಲ್ಲ. ಮುರಕಲ್ಲಿನ ಮೇಲೆ ಕಲ್ಲುಗಳು ಸಾಲಾಗಿಯೇ ಬರುತ್ತವೆ ಅಲ್ವಾ. ಶಾಲೆಯ ಮೆಟ್ಟಿಲಿನಿಂದ ಕುಳಿತೇ ಇಳಿಸಿ ನೋಡಿದೆ: ಒಂದು ಸಲ ಎದ್ದು ಸುಮ್ಮನಾದರೆ ಸರಿ, ಎರಡು ಮೂರು ಸಲ ಕುಣಿದರೆ ಇನ್ನೂ ಸ್ವಲ್ಪ ಮುಚ್ಚಬೇಕು, ಮಂಕಾಗಿ ಎದ್ದರೆ ತೆರೆಯಬೇಕು. ಭಾನುವಾರ ಮಾಷ್ಟ್ರು ಶಾಲೆಯ ಮೆಟ್ಟಿಲಿನಿಂದ ಸೈಕಲ್ ಹಾರಿಸುವುದನ್ನು ಕಂಡವರು ಎಂತ ಅಂದುಕೊಂಡರೋ!

ಇದಾದ ಮೇಲೆ ಅದೇ ಏರಿಗೆ ಹೋದೆ. ಸೀಟಿನ ಮೇಲೆ ಕುಳಿತೇ ತುಳಿದೆ, ಹಿಂದಿನ ಚಕ್ರ ಪ್ರತಿ ಕಲ್ಲಿಗೂ ಒಳಗೆ ಸರಿದು ಮತ್ತೆ ನೆಲಕ್ಕೆ ಅಂಟಿಕೊಂಡು, ಚರಳಿನ ಮೇಲೂ ಜಾರದೆ ಮೇಲೆ ಹತ್ತಿತು. ಅಷ್ಟರಲ್ಲಾಗಲೇ 15,500 ಖರ್ಚಾಗಿತ್ತು, ಏನು ಮಾಡುವುದು.

ಟೈರಿಗೆ ಬರುತ್ತೇನೆ. ಮುಂದೆ ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಎಫ್ 2.5 ಇಂಚು, ಹಿಂದೆ ಅದೇ ಕಂಪೆನಿಯ ಅಗ್ರೆಸರ್ 2.3. ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಮಾಡುವ ಟೇಪು, ವಾಲ್ವು, ಸೀಲಂಟ್ (ತೂತು ಮುಚ್ಚುವ ಬಿಳಿ ದ್ರವ) ಸೇರಿ 12,500. ಪಂಕ್ಚರ್ ಅಂಗಡಿಯ ಏಟ್ಟ (ಅಣ್ಣ) ಟೈರಿನ ಹೆಸರು ಓದಿ, "ಇದು ಸ್ಕೂಟರಿನ ಟೈರಲ್ಲವಾ ಮಾಷೆ?" ಅಂದರು. ಸ್ಕೂಟರಿಗೂ ಅದೇ ಕಂಪೆನಿಯದ್ದು ಬರುತ್ತದೆ, ಅವರದ್ದೇನೂ ತಪ್ಪಲ್ಲ. ಬೆಲೆ ಹೇಳಿದ ಮೇಲೆ ಅವರು ಮಾತಾಡಲಿಲ್ಲ. ಟ್ಯೂಬ್‌ಲೆಸ್ ಕೂರಿಸಲು ಕೈಪಂಪ್ ಸಾಲದು, ಅವರ ಕಂಪ್ರೆಸರೇ ಬೇಕಾಯಿತು. ವಾಲ್ವಿನ ಒಳಗಿನ ಕಡ್ಡಿ ತೆಗೆದು, ಟೈರಿನ ಅಂಚಿಗೆ ಸಾಬೂನು ನೀರು ಹಚ್ಚಿ, ಗಾಳಿ ಒಮ್ಮೆಲೇ ಬಿಟ್ಟರೆ ಕದಿನೆ ಒಡೆದ ಹಾಗೆ ಎರಡು ಸದ್ದು ಬರುತ್ತದೆ. ಆಗ ಕೂತಿತು ಅಂತ ಲೆಕ್ಕ.

ಮುಂದೆ 22 ಪಿಎಸ್‌ಐ, ಹಿಂದೆ 25. ಟ್ಯೂಬ್ ಇದ್ದಾಗ ಇಷ್ಟು ಕಡಿಮೆ ಇಟ್ಟರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತಿತ್ತು. ಈಗ ಆ ಕಾಟ ಇಲ್ಲ. ನಾಚಿಕೆಮುಳ್ಳು, ಕಾರೆಮುಳ್ಳು ಚುಚ್ಚಿದರೂ ಒಂದು ತೊಟ್ಟು ಬಿಳಿ ನೀರು ಬಂದು ಮುಚ್ಚಿಕೊಳ್ಳುತ್ತದೆ. ಒಂದೇ ಕಿರಿಕಿರಿ: ನಮ್ಮ ಸೆಕೆಗೆ ಸೀಲಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೂ ಬೇಗ.

ಸೀಲಂಟಿನ ಬಗ್ಗೆ ಒಂದು ಪೆದ್ದು ಕೆಲಸ ಮಾಡಿದೆ, ಹೇಳಿಬಿಡುತ್ತೇನೆ. ಬಾಟಲಿಯ ಮೇಲೆ ನ್ಯಾಚುರಲ್ ಲೇಟೆಕ್ಸ್ ಅಂತ ಬರೆದಿತ್ತು. ಪಕ್ಕದ ಮನೆಯ ಇಚ್ಚನಿಗೆ ರಬ್ಬರ್ ತೋಟ ಇದೆ. "ಇದು ನಮ್ಮ ರಬ್ಬರ್ ಹಾಲೇ ಅಲ್ವಾ, ನಾನು ಒಂದು ಬಕೆಟ್ ಕೊಡುತ್ತೇನೆ" ಅಂದರು. ನನಗೂ ಆಸೆ. ಬೆಳಗ್ಗೆ ಟ್ಯಾಪಿಂಗ್ ಮಾಡಿದ ಹಾಲು ಒಂದು ಲೋಟ ತಂದು ಹಳೆಯ ಟೈರಿಗೆ ಹೊಯ್ದೆ. ಸಂಜೆಗೆ ಅದು ಒಳಗೆ ಉಂಡೆ ಕಟ್ಟಿ ದಡಬಡ ಉರುಳುತ್ತಿತ್ತು. ಅಮೋನಿಯಾ ಹಾಕದ ಹಾಲು ಕೆಲವೇ ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ, ಇದು ತೋಟ ಇದ್ದವರಿಗೆ ಗೊತ್ತಿರುವ ವಿಷಯವೇ. ಇಚ್ಚ ಬೇಕಂತಲೇ ಕೊಟ್ಟರೋ ಅಂತ ನನಗೆ ಈಗಲೂ ಸಂಶಯ.

ಬ್ರೇಕಿನಲ್ಲಿ ತಮಾಷೆ ಇಲ್ಲ. ಪೊಸಡಿಗುಂಪೆ ಗುಡ್ಡೆ ಅಂದರೆ ಸಮುದ್ರಮಟ್ಟದಿಂದ ಸಾವಿರ ಅಡಿ ಚಿಲ್ಲರೆ ಅಷ್ಟೇ, ಪಶ್ಚಿಮ ಘಟ್ಟದವರು ನಗಬಹುದು. ಆದರೆ ಅಲ್ಲಿಂದ ಇಳಿಯುವಾಗ ಹಳೆಯ 160 ಮಿ.ಮೀ. ಡಿಸ್ಕ್ ಬಿಸಿಯಾಗಿ, ಲಿವರ್ ಹಿಡಿದಷ್ಟೂ ಒಳಗೆ ಹೋಗಿ, ನಾನು ಮುಳಿಹುಲ್ಲಿನ ಒಳಗೆ ನುಗ್ಗಿ ನಿಂತೆ. ಹುಲ್ಲು ಇತ್ತು ಅಂತ ಬಚಾವ್. ಮರುವಾರವೇ ಶಿಮಾನೋ ಎಂಟಿ520, ನಾಲ್ಕು ಪಿಸ್ಟನ್ನಿನದ್ದು, ಎರಡೂ ಕಡೆ 180 ಮಿ.ಮೀ. ಡಿಸ್ಕ್ ಸಮೇತ ತರಿಸಿದೆ. 15 ಸಾವಿರ. ಈಗ ಒಂದೇ ಬೆರಳು ಸಾಕು, ಇಳಿಜಾರಿನಲ್ಲಿ ಅಂಗೈ ನೋಯುವುದಿಲ್ಲ. 60 ಸಾವಿರದಲ್ಲಿ ಪಂಪ್ ಮತ್ತು ಟೈರ್ ಬಿಟ್ಟರೆ ಪೂರ್ತಿ ದುಡ್ಡಿನ ಬೆಲೆ ಕೊಟ್ಟದ್ದು ಇದೇ.

ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ವಿಷಯ ಗೊತ್ತಿರಬೇಕು. ರೆಸಿನ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ಒಣ ನೆಲಕ್ಕೆ ಚೆನ್ನಾಗಿದೆ. ಜೂನ್‌ನಲ್ಲಿ ಮುರಮಣ್ಣಿನ ಕೆಸರು ಡಿಸ್ಕಿಗೆ ಮೆತ್ತಿದರೆ ಸಾಣೆ ಹಿಡಿದ ಹಾಗೆ ತಿನ್ನುತ್ತದೆ. ಒಂದು ಜೋಡಿ ಹೊಸ ಪ್ಯಾಡ್ ಎರಡು ಭಾನುವಾರ ಬಂತು, ಮೂರನೆಯದ್ದಕ್ಕೆ ಕಬ್ಬಿಣಕ್ಕೆ ಕಬ್ಬಿಣ. ಈಗ ಮಳೆಗಾಲಕ್ಕೆ ಮೆಟಲ್ ಪ್ಯಾಡ್ ಹಾಕುತ್ತೇನೆ. ಬಾಳಿಕೆ ಬರುತ್ತದೆ, ಆದರೆ ಒದ್ದೆಯಾದರೆ ಊರಿನ ನಾಯಿಗಳೆಲ್ಲ ಎದ್ದು ಬೊಬ್ಬೆ ಹಾಕುವಷ್ಟು ಕಿರುಚುತ್ತದೆ. ಕಡಿಮೆ ಬೆಲೆಯ ಡಿಸ್ಕುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಕೊರೆದಿರುತ್ತದೆ, ಅದಕ್ಕೆ ಮೆಟಲ್ ಪ್ಯಾಡ್ ಹಾಕಬೇಡಿ, ಡಿಸ್ಕೇ ಸವೆದು ಹೋಗುತ್ತದೆ.

ಬ್ರೇಕ್ ಕೂರಿಸಲು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ಹೆಸರು ಬೇಡ. ಪೈಪ್ ತುಂಡು ಮಾಡಿ ಅಳತೆಗೆ ತಂದ ಮೇಲೆ ಆಯಿಲ್ ಹಾಕಬೇಕಲ್ಲ, ಹುಡುಗ ಬೈಕಿನ ಸಾಮಾನಿನ ಕಪಾಟಿನಿಂದ ಡಾಟ್ ಅನ್ನುವ ಬ್ರೇಕ್ ಆಯಿಲಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸುತ್ತಿದ್ದಾನೆ! ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್ಲೇ ಬೇಕು. ಡಾಟ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗಿ ಇಡೀ ಬ್ರೇಕ್ ಗುಜರಿಗೆ. ಸ್ರ್ಯಾಮ್ ಅನ್ನುವ ಇನ್ನೊಂದು ಕಂಪೆನಿಯ ಹಲವು ಬ್ರೇಕುಗಳಿಗೆ ಇದರ ಉಲ್ಟಾ, ಅವಕ್ಕೆ ಡಾಟ್. ನಾನು ಚಾ ಕುಡಿಯಲು ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರಿಂದ ಉಳಿಯಿತು. "ಎರಡೂ ಆಯಿಲ್ಲೇ ಅಲ್ವಾ ಸಾರ್?" ಅಂತ ಅವನ ಪ್ರಶ್ನೆ. ಅವನ ಮೇಲೆ ಸಿಟ್ಟಿಲ್ಲ, ದಿನಕ್ಕೆ ನಲ್ವತ್ತು ಬೈಕ್ ನೋಡುವವನು, ಇಂಥ ಸೈಕಲ್ ವರ್ಷಕ್ಕೊಂದು. ಆವತ್ತಿನಿಂದ ನಾನೇ ಕಲಿತೆ.

ಡ್ರಾಪರ್ ಪೋಸ್ಟ್ ಅಂದರೆ ಹ್ಯಾಂಡಲ್ ಮೇಲಿನ ಗುಂಡಿ ಒತ್ತಿ ಸೀಟನ್ನು ಕೆಳಗೆ ಇಳಿಸುವುದು, ಮತ್ತೆ ಒತ್ತಿದರೆ ಮೇಲೆ ಬರುವುದು. 14 ಸಾವಿರ. ತರಿಸುವ ಮೊದಲು ಹಳೆಯ ಪೋಸ್ಟಿನ ಅಡ್ಡಳತೆ ನೋಡಿ. 30.9 ಮತ್ತು 31.6 ಎರಡೂ ಚಾಲ್ತಿಯಲ್ಲಿವೆ, ಸ್ಕೇಲಿನಲ್ಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ವಾರ ಆಟದ ಸಾಮಾನು ಸಿಕ್ಕ ಹಾಗೆ ಒತ್ತಿದ್ದೇ ಒತ್ತಿದ್ದು. ಕಡಿದಾದ ಇಳಿಜಾರಿನಲ್ಲಿ ಸೀಟು ಹೊಟ್ಟೆಗೆ ತಿವಿಯದೆ ಹಿಂದೆ ಸರಿಯಬಹುದು, ಕಟ್ಟಪುಣಿಯ (ಗದ್ದೆಯ ಬದು) ಮೇಲೆ ಆಯ ತಪ್ಪಿದರೆ ಕಾಲು ಊರಬಹುದು. ಇಷ್ಟ ಆಯಿತು. ಇಲ್ಲದಿದ್ದರೂ ನಡೆಯುತ್ತಿತ್ತು.

ಈಗ ನನ್ನ ದೊಡ್ಡ ತಪ್ಪು. ಮೊದಲ ಮಳೆಗಾಲದಲ್ಲಿ ಕೆಸರಾದ ಸೈಕಲನ್ನು ನಾಲ್ಕೈದು ಸಲ ವಾಟರ್ ಸರ್ವಿಸಿಗೆ ಕೊಂಡುಹೋದೆ. ಜೀಪು ತೊಳೆಯುವ ಪಂಪಿನಿಂದ 50 ರೂಪಾಯಿಗೆ ಫಳಫಳ ಮಾಡಿಕೊಡುತ್ತಿದ್ದರು. ಅಕ್ಟೋಬರ್‌ನಲ್ಲಿ ಶುರುವಾಯಿತು ಸದ್ದು. ಹಳೆಯ ತೊಟ್ಟಿಲು ತೂಗಿದ ಹಾಗೆ, ಪ್ರತಿ ತುಳಿತಕ್ಕೂ ಕಿರ್ ಕಿರ್. ಪೆಡಲ್ ಇರಬೇಕು ಅಂತ ಬಿಚ್ಚಿದೆ, ಅಲ್ಲ. ಸೀಟು, ಅಲ್ಲ. ಕೊನೆಗೆ ಹಿಂದಿನ ಸಸ್ಪೆನ್ಶನ್ ತಿರುಗುವ ಕೀಲುಗಳ ಬೋಲ್ಟ್ ಬಿಚ್ಚಿದರೆ ಒಳಗಿನಿಂದ ಕುಂಕುಮದ ನೀರು ಇಳಿದ ಹಾಗೆ ತುಕ್ಕು. ಅಷ್ಟು ಜೋರಿನ ನೀರು ಬೇರಿಂಗಿನ ಸೀಲಿನ ಒಳಗೆ ನುಗ್ಗಿ ಗ್ರೀಸ್ ತೊಳೆದುಬಿಟ್ಟಿತ್ತು. ತೊಳೆದವರದ್ದಲ್ಲ ತಪ್ಪು, ಕೊಂಡುಹೋದವನದ್ದು. ಈಗ ಬಕೆಟ್ಟು, ಹಳೆಯ ಬನಿಯನ್ನು, ತೋಟದ ಪೈಪಿನಲ್ಲಿ ಮೆಲ್ಲನೆ ನೀರು. ಅಷ್ಟೇ.

ಸಮಾಧಾನದ ವಿಷಯ ಏನೆಂದರೆ, ಈ ಬೇರಿಂಗುಗಳೆಲ್ಲ ಸೈಕಲ್ ಕಂಪೆನಿ ಮಾಡಿದ ಗುಟ್ಟಿನ ಸಾಮಾನಲ್ಲ. ಮೇಲೆ ನಂಬರ್ ಕೊರೆದಿರುತ್ತದೆ. ನನ್ನದರಲ್ಲಿ ಜಾಸ್ತಿ ಇದ್ದದ್ದು 6902, ಅಂದರೆ ಒಳಗೆ 15, ಹೊರಗೆ 28, ದಪ್ಪ 7 ಮಿ.ಮೀ. ಮಂಗಳೂರಿನ ಬಂದರಿನ ಕಡೆ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಕೊಡುತ್ತಾರೆ. ಮೊದಲು ಝಡ್‌ಝಡ್ ತೋರಿಸಿದರು. ಅದಕ್ಕೆ ತಗಡಿನ ಮುಚ್ಚಳ, ನಮ್ಮ ಮಳೆಗೆ ಆಗದು. 2ಆರ್‌ಎಸ್ ಅಂತ ಕೇಳಿ ತಗೊಳ್ಳಬೇಕು, ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ. ಸಸ್ಪೆನ್ಶನ್ ಕೀಲಿಗೆಂದೇ ಮ್ಯಾಕ್ಸ್ ಅಂತ ಒಂದು ನಮೂನೆ ಬರುತ್ತದೆ. ಈ ಕೀಲು ಪೂರ್ತಿ ಸುತ್ತುವುದಿಲ್ಲ, ಒಂದಿಷ್ಟು ಮಾತ್ರ ಆಚೀಚೆ ಆಡುತ್ತದೆ, ಹಾಗಾಗಿ ಒಳಗಿನ ಪಂಜರ ತೆಗೆದು ಆ ಜಾಗಕ್ಕೂ ಗುಂಡು ತುಂಬಿಸಿರುತ್ತಾರೆ, ಭಾರ ಜಾಸ್ತಿ ಹೊರುತ್ತದೆ. ಅದು ಅಲ್ಲಿ ಸಿಗಲಿಲ್ಲ, ಮಾಮೂಲಿಯದ್ದನ್ನೇ ತಂದೆ. ಎಲ್ಲ ಸೇರಿ 2 ಸಾವಿರ. ಉದ್ದದ ಬೋಲ್ಟು, ನಟ್ಟು, ಎರಡು ಸಾಕೆಟ್ ಇಟ್ಟು ತಿರುಗಿಸಿ ತಿರುಗಿಸಿ ಕೂರಿಸಿದೆ. ಸುತ್ತಿಗೆ ಮುಟ್ಟಲಿಲ್ಲ. ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅಂತ ಅದರ ತಲೆಯ ಮೇಲೇ ಬರೆದಿತ್ತು, ಟಾರ್ಕ್ ವ್ರೆಂಚ್ ಗ್ಯಾರೇಜಿನವರದ್ದು ಕೇಳಿ ತಂದೆ. ಕಿರ್ ಕಿರ್ ನಿಂತ ದಿನ ರಾತ್ರಿ ಅಂಗಳದಲ್ಲಿ ಸುಮ್ನೆ ಹತ್ತು ಸುತ್ತು ಹೊಡೆದೆ.

ಫೋರ್ಕಿನ ಕೆಳಗಿನ ಕಾಲುಗಳನ್ನು ಸುಮಾರು 50 ಗಂಟೆ ಓಡಿಸಿದ ಮೇಲೆ ಬಿಚ್ಚಿ ಆಯಿಲ್ ಬದಲಿಸಬೇಕು ಅಂತ ಪುಸ್ತಕದಲ್ಲಿದೆ. 50 ಗಂಟೆ ಅಂದರೆ ವಾರಕ್ಕೆ ಮೂರು ಗಂಟೆಯ ಲೆಕ್ಕದಲ್ಲಿ ನಾಲ್ಕು ತಿಂಗಳು! ಯಾರು ಮಾಡುತ್ತಾರೆ ಅಂತ ಒಂದು ವರ್ಷ ಬಿಟ್ಟೆ. ಬಿಚ್ಚಿದಾಗ ಬಂದದ್ದು ಆಯಿಲ್ ಅಲ್ಲ, ಹಾಲು ಜಾಸ್ತಿಯಾದ ಕಷಾಯ. ಇದನ್ನು ಮನೆಯಲ್ಲಿ ಮಾಡಬಹುದು, ಒಂದೊಂದು ಕಾಲಿಗೆ ಹಾಕುವುದು ಕೆಲವೇ ಮಿಲಿಲೀಟರ್, ಸಿರಿಂಜಿನಲ್ಲಿ ಅಳೆದು. ಹಿಂದಿನ ಶಾಕಿನ ಗಾಳಿ ಡಬ್ಬದ ಸೀಲೂ ಹಾಗೆಯೇ. ಆದರೆ ಶಾಕಿನ ಒಳಗಿನ ಡ್ಯಾಂಪರ್ (ಕುಗ್ಗಿ ಏಳುವ ವೇಗ ಹಿಡಿದಿಡುವ ಭಾಗ) ಮುಟ್ಟಬೇಡಿ, ಅದರಲ್ಲಿ ಜೋರು ಒತ್ತಡದ ನೈಟ್ರೋಜನ್ ಇರುತ್ತದೆ. ಅದಕ್ಕೆ ಬೆಂಗಳೂರಿಗೇ ಕಳಿಸಿದೆ, ಎರಡು ವಾರ ಸೈಕಲ್ ಇಲ್ಲ. ಕಳಿಸುವುದಾದರೆ ಜುಲೈಯಲ್ಲಿ ಕಳಿಸಿ. ಹೇಗೂ ಮನೆಯೊಳಗೇ ಕೂರುವುದು.

ಅಡಕೆ ತೋಟದೊಳಗೆ ಓಡಿಸುವವರಿಗೆ ಮಾತ್ರ ಇದು. ಮಳೆ ಶುರುವಾಗುವಾಗ ಕೊಳೆರೋಗಕ್ಕೆ ಮದ್ದು ಬಿಡುತ್ತಾರಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ದಿನ ತೋಟದ ದಾರಿಯಲ್ಲಿ ಬಂದರೆ ಸೈಕಲ್ ಮೇಲೆಲ್ಲ ನೀಲಿ ಚುಕ್ಕಿ. ಮೈಲುತುತ್ತು ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಒಳ್ಳೆಯದಲ್ಲ. ನಾನು ಎರಡು ದಿನ ಬಿಟ್ಟೆ, ಚೈನಿನ ಬಣ್ಣವೇ ಬದಲಾಯಿತು. ಮನೆಗೆ ಬಂದ ಕೂಡಲೇ ನೀರು ಹೊಯ್ಯಿರಿ.

ಇಷ್ಟೆಲ್ಲ ಆದ ಮೇಲೆ ಓಡಿಸುವುದು ಹೇಗಿದೆ? ನವೆಂಬರ್‌ನಲ್ಲಿ ಬೆಳಗ್ಗೆ ಐದೂವರೆಗೆ ಹೊರಟು ಸೀತಾಂಗೋಳಿಯಾಗಿ ಧರ್ಮತ್ತಡ್ಕ, ಅಲ್ಲಿಂದ ಪೊಸಡಿಗುಂಪೆ. ಟಾರು ರಸ್ತೆಯಲ್ಲಿ ಇದು ಎಮ್ಮೆ, ಸುಳ್ಳು ಹೇಳುವುದಿಲ್ಲ. 15 ಕಿಲೋ ದಾಟುತ್ತದೆ, ದಪ್ಪ ಟೈರು ಜೇನುಹುಳದ ಹಾಗೆ ಗುಂಯ್ ಅನ್ನುತ್ತದೆ, ಶಾಕಿನ ಲಾಕ್ ಹಾಕಿದರೂ ಮಾಮೂಲಿ ಸೈಕಲಿನವರು ಮಾತಾಡುತ್ತಾ ದಾಟಿಹೋಗುತ್ತಾರೆ. ಮಣ್ಣಿಗೆ ಇಳಿದ ಮೇಲೆ ಅವರು ನನ್ನ ಹಿಂದೆ. ಗುಡ್ಡೆಯ ನೆತ್ತಿಯಲ್ಲಿ ಗಾಳಿ, ಹಳದಿಗೆ ತಿರುಗುತ್ತಿರುವ ಮುಳಿ, ಪಶ್ಚಿಮಕ್ಕೆ ಮಂಜು ಸರಿದರೆ ಕಡಲು. ಇಳಿಯುವಾಗ ಸೀಟು ಕೆಳಗೆ ಹಾಕಿ, ಮೊಣಕಾಲು ಸಡಿಲ ಬಿಟ್ಟು, ಕಲ್ಲು ನೋಡದೆ ದಾರಿ ನೋಡಿದರೆ ಸೈಕಲ್ ತಾನೇ ಇಳಿಯುತ್ತದೆ. ಮೊದಲು ನಾನು ಪ್ರತಿ ಕಲ್ಲನ್ನೂ ತಪ್ಪಿಸಲು ಹೋಗಿ ಬೀಳುತ್ತಿದ್ದೆ, ಈಗ ಅರ್ಧ ಕಲ್ಲುಗಳನ್ನು ಸೈಕಲಿಗೆ ಬಿಟ್ಟುಕೊಡುತ್ತೇನೆ.

ಗೊತ್ತಿಲ್ಲದ ಪದವಿನಲ್ಲಿ ಮಾತ್ರ ಜೋರು ಬಿಡಬೇಡಿ. ಕಲ್ಲು ಕಡಿದು ಬಿಟ್ಟ ಹೊಂಡಗಳಿಗೆ ಬೇಲಿ ಇರುವುದಿಲ್ಲ, ಅಂಚು ಗೋಡೆಯಷ್ಟು ನೇರ, ಮಳೆಗಾಲದಲ್ಲಿ ನೀರು ತುಂಬಿ ಮದಕದ (ಸಣ್ಣ ಕೆರೆ) ಹಾಗೆ ಕಾಣುತ್ತದೆ. ಗೇರುಗುಡ್ಡೆಯಾದರೆ ಮನೆಯವರಿಗೆ ಒಂದು ಮಾತು ಹೇಳಿ ಹೋಗಿ, ಬೀಜ ಹೆಕ್ಕುವ ಸಮಯದಲ್ಲಿ ಹೋಗಲೇ ಬೇಡಿ.

ಪೇಟೆಗೆ, ಆಫೀಸಿಗೆ ಅಂತ ಯೋಚಿಸುತ್ತಿದ್ದರೆ ಇದು ಬೇಡ. ವಾರಕ್ಕೊಮ್ಮೆ ಕೈ ಕೆಸರು ಮಾಡಿಕೊಳ್ಳಲು ಬೇಜಾರಿದ್ದರೂ ಬೇಡ, ಮುಂದೆ ಮಾತ್ರ ಸಸ್ಪೆನ್ಶನ್ ಇರುವುದು ತಗೊಂಡು ಒಳ್ಳೆ ಟೈರ್ ಹಾಕಿ, ಅರ್ಧ ದುಡ್ಡಿನಲ್ಲಿ ಮುಗಿಯುತ್ತದೆ. ತಗೊಂಡೇ ಸಿದ್ಧ ಅನ್ನುವವರು ಪಂಪನ್ನು ಸೈಕಲಿನ ಜೊತೆಗೇ ತಗೊಳ್ಳಿ, ಆಮೇಲೆ ಟೈರು, ಆಮೇಲೆ ಬ್ರೇಕು. ಗೇರನ್ನು ಇದ್ದದ್ದು ಸವೆಯುವ ತನಕ ಬಿಡಿ.

ಡಿರೇಲರ್ ಹ್ಯಾಂಗರ್ ಅನ್ನುವ ಬೆರಳುದ್ದದ ತುಂಡು ಒಂದಿದೆ. ಡಿರೇಲರಿಗೆ ಕಲ್ಲು ಬಡಿದರೆ ಫ್ರೇಮ್ ಉಳಿಯಲಿ ಅಂತ ತಾನು ಬಗ್ಗಿಕೊಳ್ಳುತ್ತದೆ. ಪ್ರತಿ ಫ್ರೇಮಿಗೂ ಬೇರೆ ಬೇರೆ, ಪೇಟೆಯಲ್ಲಿ ಸಿಗುವುದಿಲ್ಲ, ಎರಡಾದರೂ ತರಿಸಿಟ್ಟುಕೊಳ್ಳಿ. ನನ್ನದು ಎರಡು ಮಳೆಗಾಲದಲ್ಲಿ ಮೂರು ಹೋಯಿತು. ನವೆಂಬರ್‌ನಲ್ಲಿ ಗುಂಪೆಯ ಮೇಲೆ ಸಿಕ್ಕಿದರೆ ಪಂಪ್ ಕೊಡುತ್ತೇನೆ, ಸೀಲಂಟ್ ಕೊಡುತ್ತೇನೆ, ಫ್ಲಾಸ್ಕಿನಲ್ಲಿ ಚಾ ಇರುತ್ತದೆ, ಅದನ್ನೂ ಕೊಡುತ್ತೇನೆ. ಹ್ಯಾಂಗರ್ ಮಾತ್ರ ಕೇಳಬೇಡಿ, ಒಂದೇ ಉಳಿದಿದೆ.